ಮಾವನವರು ಬಿತ್ತಿದ ಹಲ್ಲು

ನಮ್ಮ ಮಾವನವರಾದ ಓಬಳೇಶಪ್ಪನವರು ನೆಲದ ಕೆಳಗೆ ಏನಿದೆ ಎಂಬುದನ್ನು ಬಲ್ಲವರು. ನೆಲದ ಮೇಲೆ ಏನಿದೆ ಎಂಬುದು ಅವರಿಗೆ ಅಷ್ಟಾಗಿ ತಿಳಿಯದು. ಚಪ್ಪಲಿ ಎಲ್ಲಿ ಬಿಟ್ಟಿದ್ದಾರೆ, ಕನ್ನಡಕ ಎಲ್ಲಿಟ್ಟಿದ್ದಾರೆ, ಎಮ್ಮೆ ಯಾರ ಹೊಲ ಹೊಕ್ಕಿದೆ, ಇವನ್ನೆಲ್ಲ ನಾನೋ ನಮ್ಮತ್ತೆ ದ್ಯಾಮಕ್ಕನೋ ಹುಡುಕಿ ಹೇಳಬೇಕು. ಆದರೆ ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆದರೆಂದರೆ, ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ಅಲ್ಲಿ ಬೋರ್ ಕೊರೆಸಬೇಕು. ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ, ಆಚೆ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯವರೆಗೂ ಅವರು ತೋರಿಸಿದ ಬೋರುಗಳಿವೆ. ಕೆಲವುಗಳಲ್ಲಿ ನೀರೂ ಇದೆ.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಕಾಲ ಚೆನ್ನಾಗಿತ್ತು. ಕರೆಯಲು ಬೈಕು ಬರುತ್ತಿತ್ತು. ಹೋದಲ್ಲಿ ಊಟ, ಎಲೆ ಅಡಿಕೆ, ಹೆಗಲಿಗೊಂದು ಟವೆಲ್ಲು. ನಮ್ಮ ಮನೆಯಲ್ಲಿ ಟವೆಲ್ಲು ಕೊಂಡಿದ್ದೇ ನನಗೆ ನೆನಪಿಲ್ಲ. ಆಮೇಲೆ ವೀರಭದ್ರಯ್ಯನವರ ಬೋರ್ ಆಯಿತು.

ವೀರಭದ್ರಯ್ಯನವರದು ಕೂಡ್ಲಿಗಿಯಲ್ಲಿ ಗೊಬ್ಬರದ ಅಂಗಡಿ. ನಾಲ್ಕು ಜನರ ಮುಂದೆ ನಡೆಯದಿದ್ದರೆ ಅದು ಕೆಲಸವೇ ಅಲ್ಲ ಎಂದು ನಂಬಿದ ಮನುಷ್ಯ. ಬೋರ್ ಪೂಜೆಗೆ ಬೀಗರನ್ನೆಲ್ಲ ಕರೆದು, ಹೊಲದಲ್ಲಿ ಪೆಂಡಾಲ್ ಹಾಕಿಸಿ, ಗೋಧಿ ಹುಗ್ಗಿ ಮಾಡಿಸಿದ್ದರು. ಮಾವನವರ ಕಾಯಿ ಎದ್ದು ನಿಂತ ಜಾಗದಲ್ಲಿ ಯಂತ್ರ ಇಳಿಯಿತು. ಬೆಳಗಿನಿಂದ ಸಂಜೆವರೆಗೆ ಬಿಳಿ ಧೂಳು ಬಂತು. ಹುಗ್ಗಿ ಮೇಲೆ ಧೂಳು, ಬೀಗರ ಮೇಲೆ ಧೂಳು, ಪೆಂಡಾಲ್ ಮೇಲೆ ಧೂಳು. ಆವತ್ತು ವೀರಭದ್ರಯ್ಯನವರು ಬೈಯಲಿಲ್ಲ. ತಲೆ ಕೊಡವಿಕೊಂಡು ಇಷ್ಟೇ ಅಂದರು: "ನೀನು ಓಬಳೇಶಪ್ಪ ಅಲ್ಲ ಮಾರಾಯ. ಧೂಳೇಶಪ್ಪ."

ಬೈದಿದ್ದರೆ ಮರೆತುಹೋಗುತ್ತಿತ್ತು. ಹೆಸರು ಉಳಿಯಿತು. ವಾರದೊಳಗೆ ಹೋಟೆಲಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಧೂಳೇಶಪ್ಪ. ಕರೆಯಲು ಬರುವ ಬೈಕು ನಿಂತಿತು. ಮಾವನವರು ತೆಂಗಿನಕಾಯಿಯನ್ನು ದೇವರ ಗೂಡಿನಿಂದ ತೆಗೆದು ಅಡಿಗೆ ಮನೆಯ ನಾಗಂದಿಗೆಯ ಮೇಲೆ ಇಟ್ಟರು. ಅತ್ತೆ ಅದನ್ನು ಒಡೆದು ಚಟ್ನಿ ಮಾಡಿದರು. ನಮ್ಮ ಅತ್ತೆಗೆ ಕಾಯಿಯ ದೈವತ್ವದ ಬಗ್ಗೆ ಮೊದಲಿನಿಂದಲೂ ಅಂಥ ಭಕ್ತಿ ಇರಲಿಲ್ಲ.

ಈ ಸ್ಥಿತಿಯಲ್ಲಿದ್ದಾಗ ನನ್ನ ಗಂಡ ಮಾರೇಶ್ ಒಂದು ಉಪಕಾರ ಮಾಡಿದ. ಊಟಕ್ಕೆ ಕೂತಾಗ ಮೊಬೈಲಿನಲ್ಲಿ ಒಂದು ವೀಡಿಯೋ ತೋರಿಸಿದ. ಯಾವುದೋ ಪರದೇಶ, ದೊಡ್ಡದೊಂದು ಕ್ವಾರಿ. ಟೋಪಿ ಹಾಕಿಕೊಂಡ ಗಂಡಸರು ಹೆಂಗಸರು ಮಕ್ಕಳು ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದರುತ್ತಿದ್ದಾರೆ. ಸಿಗುತ್ತಿರುವುದು ಶಾರ್ಕ್ ಮೀನಿನ ಹಲ್ಲು. ಹಿಂದೊಂದು ಕಾಲಕ್ಕೆ ಅಲ್ಲಿ ಸಮುದ್ರವಿತ್ತಂತೆ, ಮೀನು ಸತ್ತು, ಹಲ್ಲು ಕಲ್ಲಾಗಿ ಉಳಿದಿದೆಯಂತೆ. ಟಿಕೇಟು ತಗೊಂಡು ಒಳಗೆ ಹೋಗಿ ಅಗೆಯಬೇಕು.

"ಯಾರು ಟಿಕೇಟ್ ತಗೊಳ್ಳಾದು?" ಅತ್ತೆ ಕೇಳಿದರು.

"ಅಗಿಯೋರ ಬೇ."

"ಅಗಿಯೋರಿಗೆ ಕೂಲಿ ಕೊಡಲ್ಲ?"

"ಇಲ್ಲ. ಅವರ ಕೊಟ್ಟು ಅಗೀತಾರ."

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಾವು ಇಷ್ಟು ವರ್ಷ ಖಾತ್ರಿ ಕೆಲಸಕ್ಕ ಹೋಗಿ ಕೆರಿ ಅಗದು ಕೂಲಿ ತಗೊಂಡಿದ್ದು ತಪ್ಪಾತು ನೋಡು. ಮಂದಿ ಮುಂದ ಹೇಳಬ್ಯಾಡ."

ಮಾವನವರು ಮಾತ್ರ ಕೈ ತೊಳೆದು ಹೊಲದ ಕಡೆ ಹೋದರು. ನಮ್ಮ ಹೊಲದ ಒಂದು ಮೂಲೆಯಲ್ಲಿ ದಿಬ್ಬವಿತ್ತು. ಹೈವೇ ಮಾಡುವಾಗ ಅದರ ಗರಸನ್ನೆಲ್ಲ ಟಿಪ್ಪರುಗಳಲ್ಲಿ ಹೊತ್ತುಕೊಂಡು ಹೋಗಿ ರಸ್ತೆಗೆ ಹಾಸಿದ್ದರು. ದಿಬ್ಬ ರಸ್ತೆಯಾಯಿತು, ನಮಗೆ ಗುಂಡಿ ಉಳಿಯಿತು. ಆ ಗುಂಡಿಗೆ ಕೆರೆಯ ಹೂಳು ತಂದು ತುಂಬಿ ಹೊಲ ಮಾಡಬೇಕೆಂದು ಮಾರೇಶ್ ಅರ್ಧ ಕೆಲಸ ಮಾಡಿದ್ದ. ಅವನ ಎಲ್ಲ ಕೆಲಸಗಳಂತೆ ಅದೂ ಅರ್ಧಕ್ಕೆ ನಿಂತಿತ್ತು. ಮಾವನವರು ಅಂಗಡಿಯಿಂದ ಹೊಸ ಕಾಯಿ ತರಿಸಿಕೊಂಡು ಆ ಗುಂಡಿಯಲ್ಲಿ ಓಡಾಡಿದರು. ಕಾಯಿ ಎದ್ದು ನಿಂತಿತು.

"ಐತಿ," ಎಂದರು ಮನೆಗೆ ಬಂದು.

"ನೀರಾ?" ಎಂದೆ.

"ಹಲ್ಲು."

ಕಾಯಿಗೆ ನೀರಿಗೂ ಹಲ್ಲಿಗೂ ವ್ಯತ್ಯಾಸ ಹೇಗೆ ತಿಳಿಯುತ್ತದೆ ಎಂದು ಕೇಳಬೇಕೆನ್ನಿಸಿತು. ಮಾವನವರ ಮುಖ ನೋಡಿ ಸುಮ್ಮನಾದೆ. ವೀರಭದ್ರಯ್ಯನವರ ಬೋರ್ ಆದ ಮೇಲೆ ಆ ಮುಖದಲ್ಲಿ ಅಷ್ಟು ಬೆಳಕನ್ನು ನಾನು ನೋಡಿರಲಿಲ್ಲ.

ರಸ್ತೆ ಬದಿಗೆ ಬೋರ್ಡು ಬಂತು: "ಓಬಳೇಶಪ್ಪ ಕ್ವಾರಿ. ಕೋಟಿ ವರ್ಷ ಹಿಂದಿನ ಶಾರ್ಕ್ ಹಲ್ಲು. ಅಗೆದವರಿಗೆ ಸಿಕ್ಕಿದ್ದು ಅಗೆದವರಿಗೇ." ನಂಬಿದರೆ ನಂಬಿ, ಜನ ಬಂದರು. ದಾವಣಗೆರೆ ಕಡೆಗೆ ಹೋಗುವ ಕಾರುಗಳು ನಿಂತವು. ಮನೆಯಲ್ಲಿ ನೀರಿನ ಲೋಟ ಎತ್ತಿ ಇಡದ ಗಂಡಸರು ಟಿಕೇಟು ತಗೊಂಡು ಬಿಸಿಲಲ್ಲಿ ಗುದ್ದಲಿ ಹಿಡಿದರು. ಅವರ ಹೆಂಡತಿಯರು ಅದರ ವೀಡಿಯೋ ಮಾಡಿಕೊಂಡರು, ಮುಂದೆ ಸಾಕ್ಷಿಗೆ ಬೇಕಾಗುತ್ತದೆಂದು. ಸಿಕ್ಕಿದ್ದು ಗರಸು, ಬೆಣಚುಕಲ್ಲು, ಒಂದು ಎತ್ತಿನ ಲಾಳ, ಮಾರೇಶ್ ಕಳಕೊಂಡಿದ್ದ ಸ್ಪ್ಯಾನರ್. ಹಲ್ಲು ಮಾತ್ರ ಇಲ್ಲ. ಕೆಲವು ಭಾನುವಾರ ಕಳೆಯುವಷ್ಟರಲ್ಲಿ ಕೂಡ್ಲಿಗಿ ಸಂತೆಯಲ್ಲಿ ಮಾತು ಹಬ್ಬಿತು: ಧೂಳೇಶಪ್ಪ ಈಗ ಟಿಕೇಟ್ ಇಟ್ಟು ಧೂಳು ಕೊಡಾಕ ಹತ್ಯಾನ.

ಇದೆಲ್ಲ ದೊಡ್ಡವರ ಮಾತು, ಕಿವಿ ಮೇಲೆ ಹಾಕಿಕೊಳ್ಳದಿದ್ದರೂ ನಡೆಯುತ್ತಿತ್ತು. ಆದರೆ ನನ್ನ ಮಗಳು ಕೀರ್ತನಾ, ಎರಡನೇ ಕ್ಲಾಸು, ಒಂದು ಸಂಜೆ ಸ್ಕೂಲಿನಿಂದ ಬಂದವಳು ಚೀಲ ಇಳಿಸದೆ ನಿಂತಳು. "ನಾನು ಧೂಳೇಶಪ್ಪನ ಮೊಮ್ಮಗಳಂತ. ನಾ ಕುಂತ ಬೆಂಚು ಒರಸ್ತಾರ, ಧೂಳಾಗತೈತಿ ಅಂತ."

ಮಾವನವರು ಅಲ್ಲೇ ಕಟ್ಟೆ ಮೇಲೆ ಕೂತಿದ್ದರು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು.

"ನೀ ಏನ್ ಅಂದಿ?" ಎಂದೆ.

"ನಮ್ಮಜ್ಜನ ಗುಂಡ್ಯಾಗ ಖರೇನ ಹಲ್ಲು ಅದಾವ, ಬಂದು ನೋಡ್ರಿ ಅಂದೆ. ಶೈಲಾ ಟೀಚರ್ ಶನಿವಾರ ಎಲ್ಲರನ್ನೂ ಕರಕೊಂಡು ಬರ್ತಾರಂತ."

ಹೇಳುವಾಗ ನಾಲಿಗೆಯಿಂದ ಮುಂದಿನ ಹಲ್ಲನ್ನು ಆಡಿಸುತ್ತಿದ್ದಳು. ಅದು ಆಗಷ್ಟೇ ಅಲುಗಾಡತೊಡಗಿತ್ತು. ಮಾವನವರು ಮೊಮ್ಮಗಳನ್ನೂ ಆ ಹಲ್ಲನ್ನೂ ಬಹಳ ಹೊತ್ತು ನೋಡಿದರು. ನನಗೆ ಗಾಬರಿಯಾಯಿತು. ಈ ಮನುಷ್ಯನಿಗೆ ಈಗ ಯಾರ ಹಲ್ಲಾದರೂ ಸರಿ ಎನ್ನುವ ಸ್ಥಿತಿ.

ಮುಂದಿನದು ನನಗೆ ಹಂತಹಂತವಾಗಿ ತಿಳಿಯಿತು. ಮೊದಲು ಮನೆಯಲ್ಲಿ ಟೀ ಪುಡಿ ಮುಗಿಯಿತು. ಡಬ್ಬಿ ತುಂಬ ಇತ್ತು, ನೋಡಿದರೆ ತಳ ಕಾಣುತ್ತಿದೆ. ಹಿತ್ತಲಲ್ಲಿ ಕಬ್ಬಿಣದ ಬಾಣಲೆಯಲ್ಲಿ ಅತ್ತೆ ಏನನ್ನೋ ಕುದಿಸುತ್ತಿದ್ದರು. ಮುಚ್ಚಳ ತೆಗೆದೆ. ಕಪ್ಪು ಡಿಕಾಕ್ಷನ್ನಿನಲ್ಲಿ ಮುಕ್ಕೋನದ ಹಲ್ಲುಗಳು ಸಾರಿನ ಬದನೆಕಾಯಿ ಹೋಳಿನಂತೆ ಏಳುತ್ತ ಬೀಳುತ್ತ ಇದ್ದವು.

"ಏನ್ರಿ ಅತ್ತಿ ಇದು?"

"ಮಂಗಳೂರಿಗೆ ಮೆಕ್ಕೆಜೋಳ ಒಯ್ಯಾ ಲಾರಿಯವ ತಂದುಕೊಟ್ಟ. ಒಣಮೀನಿನೋರು ಬಿಸಾಕಾವಂತ. ಭಾಳ ಬೆಳ್ಳಗ ಅದಾವ ಬೇ. ಕೋಟಿ ವರ್ಷದ ಹಲ್ಲು ಇಷ್ಟು ಬೆಳ್ಳಗ ಇದ್ರ ಯಾರ್ ನಂಬ್ತಾರ? ಆ ಮೀನು ಪೇಸ್ಟ್ ಹಚ್ಚಿ ತಿಕ್ಕತಿತ್ತಾ?"

"ಮಾವಾರಿಗೆ ಬುದ್ಧಿ ಹೇಳಬಾರದೇನ್ರಿ?"

ಅತ್ತೆ ಸೌಟಿನಿಂದ ಕಲಕುತ್ತಲೇ ಇದ್ದರು. "ಹೇಳಿದೆ. 'ಮೊಮ್ಮಗಳು ಬೆಂಚಿನ ಮ್ಯಾಲ ಹೆಂಗ ಕುಂದ್ರಬೇಕು' ಅಂದ. ನನ್ನ ಹತ್ರ ಜವಾಬು ಇರಲಿಲ್ಲ. ನಿನ್ನ ಹತ್ರ ಇದ್ರ ಹೋಗಿ ಹೇಳು."

ನಾನು ಟೀ ಪುಡಿ ತರಲು ಅಂಗಡಿಗೆ ಹೋದೆ.

ಮಾರನೇ ದಿನ ಅಟ್ಟದ ಮೇಲಿನ ಬಿತ್ತುವ ಕೂರಿಗೆ ಕೆಳಗಿಳಿಯಿತು. ಕೂರಿಗೆ ಇಳಿಯುವುದು ಮುಂಗಾರು ಬಿದ್ದ ಮೇಲೆ. ಮಾವನವರು ಎತ್ತುಗಳ ಹಗ್ಗ ಹಿಡಿದು ನಡೆಸುತ್ತ, ಅತ್ತೆ ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡುತ್ತ, ಕಾಳು ಕೊಳವೆಗಳಲ್ಲಿ ಇಳಿದು ಸಾಲಾಗಿ ಮಣ್ಣು ಸೇರುವುದು ಈ ಮನೆಯಲ್ಲಿ ಒಂದು ನೋಟ. ಸುತ್ತಲಿನವರೆಲ್ಲ ಟ್ರ್ಯಾಕ್ಟರಿನ ಕೂರಿಗೆಗೆ ಹೋಗಿದ್ದಾರೆ. ಮಾವನವರು ಮಾತ್ರ ಎತ್ತು ಬಿಟ್ಟಿಲ್ಲ. ಈಗ ಕಡು ಬೇಸಿಗೆ, ಮೋಡದ ಚೂರಿಲ್ಲ, ಎತ್ತುಗಳೂ ಅನುಮಾನದಿಂದ ಮಾವನವರನ್ನು ನೋಡಿದವು.

ಮಟ ಮಟ ಮಧ್ಯಾಹ್ನ, ಊರಿನವರೆಲ್ಲ ಮನೆಯೊಳಗಿರುವ ಹೊತ್ತು, ನಾನು ಮಜ್ಜಿಗೆ ತಗೊಂಡು ಗುಂಡಿಗೆ ಹೋದೆ. ಮಾವನವರು ಎತ್ತು ಹೊಡೆಯುತ್ತಿದ್ದರು. ಅತ್ತೆ ಸೆರಗು ಬಿಗಿದು, ಮಡಿಲಲ್ಲಿ ಹಲ್ಲು ತುಂಬಿಕೊಂಡು, ಹಿಡಿ ಹಿಡಿಯಾಗಿ ಬಟ್ಟಲಿಗೆ ಬಿಡುತ್ತ ಹಿಂದೆ ನಡೆಯುತ್ತಿದ್ದರು. ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ಮೋಸವಾದರೂ ಬಿತ್ತನೆ ಬಿತ್ತನೆಯೇ.

"ಸುಮ್ಮನ ಅಲ್ಲಲ್ಲಿ ಚೆಲ್ಲಿಬಿಟ್ರ ಆಗ್ತಿರಲಿಲ್ಲೇನ್ರಿ ಮಾವಾರ?" ಎಂದೆ.

ಮಾವನವರು ನೊಂದುಕೊಂಡವರಂತೆ ನೋಡಿದರು. "ಚೆಲ್ಲಾಕ ನಾನೇನು ಕೋಳಿಗೆ ಕಾಳು ಹಾಕಾಕ ಬಂದೀನೇನ? ಎಲ್ಲ ಹುಡುಗರಿಗೂ ಸಿಗಬೇಕು. ಒಂದು ಹುಡುಗಿಗೆ ಹತ್ತು ಸಿಕ್ಕು, ಇನ್ನೊಂದಕ್ಕ ಏನೂ ಇಲ್ಲಂದ್ರ ಹೆಂಗ? ಕೂರಿಗ್ಯಾಗ ಬಿಟ್ರ ಸಮ ಬೀಳತಾವ."

ದೊಡ್ಡ ಹಲ್ಲುಗಳು ಕೊಳವೆಯಲ್ಲಿ ಇಳಿಯುತ್ತಿರಲಿಲ್ಲ. ಅವನ್ನು ಅತ್ತೆ ಪಕ್ಕಕ್ಕಿಟ್ಟು, ಕೆಲವು ಸಾಲು ಆದ ಮೇಲೆ ಒಂದು ಸಾಲಿಗೆ ಕೈಯಿಂದ ಬಿಡುತ್ತಿದ್ದರು. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಬಿಟ್ಟ ಹಾಗೆ.

"ಅಕ್ಕಡೀನೂ ಬೇಕೇನ್ರಿ ಇದಕ್ಕ?"

"ಒಂದ ನಮೂನಿ ಬಿತ್ತಿದ್ರ ಹೊಲಕ್ಕ ಬರಕತ್ತಿಲ್ಲ ಬೇ," ಎಂದರು ಅತ್ತೆ. ಕೈ ತಾನಾಗಿ ಮಾಡುತ್ತಿತ್ತು. ಕೈಗೆ ಅದು ಹಲ್ಲೆಂದು ಗೊತ್ತಿರಲಿಲ್ಲ.

ನನಗಾದರೂ ಅಲ್ಲಿ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸಾಲಾಗಿ ಬಿತ್ತುವುದು ನಮ್ಮ ಕಡೆ ಅಷ್ಟು ಸಹಜ, ಅದನ್ನು ಯಾರಾದರೂ ನೋಡುತ್ತಾರೆ ಎಂಬುದೇ ತಲೆಗೆ ಬರುವುದಿಲ್ಲ. ಮಜ್ಜಿಗೆ ಕೊಟ್ಟು ಬಂದೆ.

ಶನಿವಾರ ಸ್ಕೂಲಿನ ಮಕ್ಕಳು ವ್ಯಾನಿನಲ್ಲಿ ಬಂದರು. ಶೈಲಾ ಟೀಚರ್ ಹಗರಿಬೊಮ್ಮನಹಳ್ಳಿಯವರು, ಮಕ್ಕಳೊಂದಿಗೆ ಅಷ್ಟು ಮೃದು, ಉಳಿದವರೊಂದಿಗೆ ಅಷ್ಟಿಲ್ಲ. ಮಾವನವರು ಗರಿಗರಿ ಪಂಚೆ, ರುಮಾಲು, ಅಂಗೈ ಮೇಲೆ ಕಾಯಿ. ಸುದ್ದಿ ಕೇಳಿ ವೀರಭದ್ರಯ್ಯನವರೂ ಅಂಗಡಿಗೆ ಬೀಗ ಹಾಕಿ ಬಂದು ಗುಂಡಿಯ ದಂಡೆ ಮೇಲೆ ಕೂತಿದ್ದರು. ಇಂಥದ್ದನ್ನು ಬಿಡುವ ಮನುಷ್ಯನಲ್ಲ.

"ಹುಗ್ಗಿ ಐತೇನು ಓಬಳೇಶಪ್ಪ?" ಎಂದರು. "ಧೂಳಿನ ಜೊತಿ ಉಣ್ಣಾಕ?"

ಮಾವನವರು ಕಾಯಿ ಹಿಡಿದು ಗುಂಡಿಯಲ್ಲಿ ನಡೆದರು. ಕಾಯಿ ಎದ್ದಿತು. ಇವತ್ತು ಅದು ಏಳದೆ ಏನು ಮಾಡೀತು? "ಇಲ್ಲಿ ಅಗೀರಿ," ಎಂದರು.

ಮಕ್ಕಳು ಕಳೆ ತೆಗೆಯುವ ಕುರ್ಪಿ, ಕಡ್ಡಿ, ಕೈ, ಸಿಕ್ಕಿದ್ದರಲ್ಲಿ ಕೆದರಿದರು. ಮೊದಲ ಹಲ್ಲು ಕೀರ್ತನಾಳ ಪಕ್ಕದ ಹುಡುಗಿಗೆ ಸಿಕ್ಕಿತು. ಬೆಂಚು ಒರೆಸುವ ಹುಡುಗಿಯೇ ಅದು ಅಂತ ಆಮೇಲೆ ತಿಳಿಯಿತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಕೀರ್ತನಾಳ ಕಡೆ ನೋಡಿ, ಸುಮ್ಮನೆ ಅವಳ ಪಕ್ಕಕ್ಕೆ ಸರಿದು ಕೂತಳು. ಅಷ್ಟೇ. ಅಲ್ಲಿಗೆ ಮಾವನವರ ಇಡೀ ಬಿತ್ತನೆಯ ಫಸಲು ಬಂದಂತಾಗಿತ್ತು. ದೇವರು ಅಲ್ಲಿಗೆ ನಿಲ್ಲಿಸಬಹುದಿತ್ತು.

ಹಲ್ಲು ಮೇಲೆ ಹಲ್ಲು ಸಿಗತೊಡಗಿತು. ಸ್ವಲ್ಪ ಹೊತ್ತಿಗೆ ಮಕ್ಕಳು ಹುಡುಕುವುದನ್ನೇ ಬಿಟ್ಟರು. ಒಂದು ಕಿತ್ತು, ಒಂದು ಗೇಣು ಮುಂದೆ ಸರಿದು, ಇನ್ನೊಂದು ಕೀಳುತ್ತಿದ್ದರು. ಎಲ್ಲ ಹೊಲದ ಮನೆಯ ಮಕ್ಕಳು.

"ಟೀಚರ್, ಶೇಂಗಾ ಕಿತ್ತಂಗ ಆಗಾಕ ಹತ್ತೇತ್ರಿ," ಎಂದ ಒಬ್ಬ.

ಶೈಲಾ ಟೀಚರ್ ಎದ್ದು ದಂಡೆ ಹತ್ತಿ ನಿಂತು ಕೆಳಗೆ ನೋಡಿದರು. ನಾನೂ ನೋಡಿದೆ. ಕೆದರಿದ ಕುಳಿಗಳು ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ನೆಟ್ಟಗೆ ಹೋಗಿದ್ದವು. ಎತ್ತು ತಿರುಗಿಸಿದ ಕಡೆ ಚಂದಾಗಿ ಬಳುಕಿ ಮತ್ತೆ ನೆಟ್ಟಗೆ ಬಂದಿದ್ದವು.

"ಯಜಮಾನ್ರೇ," ಎಂದರು ಟೀಚರ್, ಮೆಲ್ಲಗೆ. "ಮೀನು ಸತ್ತರೆ ಹಲ್ಲು ಹೀಗೆ ಸಾಲಾಗಿ ಬೀಳ್ತಾವಾ?"

ಮಾವನವರು ರುಮಾಲು ಸರಿಮಾಡಿಕೊಂಡರು. "ಬಾಯಾಗ ಸಾಲಾಗೇ ಇರತಾವಲ್ರಿ ಟೀಚರ್ರ."

"ಇಷ್ಟು ಉದ್ದದ ಬಾಯಿ ಸಮುದ್ರದಾಗ ಇಲ್ಲ," ಎಂದರು ದಂಡೆ ಮೇಲಿನ ವೀರಭದ್ರಯ್ಯನವರು. "ಕೂಡ್ಲಿಗಿ ತಾಲ್ಲೂಕಿನಾಗ ಒಂದ ಐತಿ, ನಿಂದು." ಎದ್ದು ನಿಂತು ಬೆರಳು ಚಾಚಿದರು. "ಅಲ್ಲಿ ನೋಡ್ರಿ ಟೀಚರ್ರ, ದೊಡ್ಡ ಹಲ್ಲೆಲ್ಲ ಒಂದ ಸಾಲಿನಾಗ. ಅಕ್ಕಡೀನೂ ಹಾಕ್ಯಾರ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಕೀರ್ತನಾಳನ್ನು ಎತ್ತಿಕೊಂಡು ಮನೆಗೆ ಹೋಗಿಬಿಡೋಣ ಎಂದು ಗುಂಡಿಗೆ ಇಳಿದೆ. ನಾನು ತಲುಪುವಷ್ಟರಲ್ಲಿ ಅವಳು ಎದ್ದು ನಿಂತು, ಸಾಲಿನ ಉದ್ದಕ್ಕೂ ಕಣ್ಣು ಓಡಿಸಿ, ಟೀಚರಿಗೆ ಹೇಳಿಯಾಗಿತ್ತು.

"ನಮ್ಮಜ್ಜ ಬಿತ್ಯಾನ್ರಿ ಟೀಚರ್. ನೋಡ್ರಿ, ಒಂದೂ ಸೊಟ್ಟ ಇಲ್ಲ. ಬ್ಯಾರೆಯೋರು ಬಿತ್ತಿದ್ರ ಹಿಂಗ ಇರಂಗಿಲ್ಲ."

ಆ ದನಿಯಲ್ಲಿ ದೂರಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಪ್ರತಿ ಮುಂಗಾರಿಗೆ ಬದುವಿನ ಮೇಲೆ ಕೂತು ಅಜ್ಜನ ಸಾಲು ನೋಡುತ್ತ ಬೆಳೆದ ಹುಡುಗಿ. ಕೈಬರಹ ಗುರುತಿಸಿದಂತೆ ಗುರುತಿಸಿ, ಹೆಮ್ಮೆಯಿಂದ ಅಜ್ಜನನ್ನು ಹಿಡಿದುಕೊಟ್ಟಿದ್ದಳು.

ಮಾವನವರು ತೆಂಗಿನಕಾಯಿಯನ್ನು ನೆಲದ ಮೇಲಿಟ್ಟರು. ಅದು ಸ್ವಲ್ಪ ಉರುಳಿ ನಿಂತಿತು.

"ಹೌದ್ರಿ," ಎಂದರು. "ನಾನ ಬಿತ್ತೀನಿ. ಇಲ್ಲಿ ಏನೂ ಇರಲಿಲ್ಲ."

ನಗುತ್ತಾರೆಂದು ಕಾದೆ. ವೀರಭದ್ರಯ್ಯನವರು ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದು ಬಂದರು. ಸಾಲಿನ ತಲೆಗೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಬಡಿಗರು ತೊಲೆ ನೋಡುವಂತೆ ಆ ತುದಿಯವರೆಗೆ ನೋಡಿದರು. ಎದ್ದು ಪಕ್ಕದ ಸಾಲನ್ನೂ ನೋಡಿದರು. ಗೊಬ್ಬರದ ಅಂಗಡಿಯಲ್ಲಿ ಕೂತು ಈ ಸೀಮೆಯ ಎಲ್ಲರ ಹೊಲ ಬಲ್ಲವರು.

"ಟ್ರ್ಯಾಕ್ಟರಿನೋರು ಹಿಂಗ ಹೊಡೀಲಿ ನೋಡಾನ," ಎಂದರು ಕೊನೆಗೆ, ಯಾರಿಗೆಂದು ಇಲ್ಲದೆ. ಆಮೇಲೆ ಮಾವನವರಿಗೆ: "ಇಷ್ಟು ಚಲೋ ಸಾಲು ಹೊಡಿಯೋ ಮನಷ್ಯಾ, ಕಾಯಿ ಹಿಡಕೊಂಡು ಊರೂರು ಯಾಕ ತಿರುಗಿದಿ?"

ಮಾವನವರು ಜೀವನಪೂರ್ತಿ ಕಾಣದ್ದನ್ನು ಹೇಳಿ ಹೆಸರು ಮಾಡಲು ಹೋದವರು. ಎಲ್ಲರ ಕಣ್ಣೆದುರಿಗೆ, ಪ್ರತಿ ವರ್ಷ, ನೆಟ್ಟಗೆ ಬಿದ್ದ ಸಾಲನ್ನು ಯಾರೂ ಹೊಗಳಿರಲಿಲ್ಲ. ನಾವೂ ಹೊಗಳಿರಲಿಲ್ಲ.

ಮಕ್ಕಳಿಗೆ ಈ ಯಾವುದರ ಗೊಡವೆಯೂ ಇರಲಿಲ್ಲ. "ಟೀಚರ್, ಆ ಅಕ್ಕಡಿ ಸಾಲು ನನಗ್ರಿ," ಎಂದು ಜಗಳ ಶುರುವಾಗಿತ್ತು. ಶೈಲಾ ಟೀಚರ್ ನಿಟ್ಟುಸಿರು ಬಿಟ್ಟು ಒಂದು ಹಲ್ಲು ಎತ್ತಿಕೊಂಡರು. ನಮ್ಮ ಕಡೆಯ ಕಲ್ಲು ಭೂಮಿ ಮೇಲೆ ಮೀನು ಹುಟ್ಟುವುದಕ್ಕೂ ಮುಂಚಿನದು, ಇಲ್ಲಿ ಶಾರ್ಕ್ ಹಲ್ಲು ಸಿಗುವುದೇ ಇಲ್ಲ ಎಂದು ಹೇಳಿದರು. ಆದರೆ ಇದು ಶಾರ್ಕ್ ಹಲ್ಲೇ, ಇದರ ಅಂಚು ಗರಗಸದಂತಿದೆ, ಮುಟ್ಟಿ ನೋಡಿ ಎಂದೂ ಹೇಳಿದರು. ಮಕ್ಕಳು ಮುಟ್ಟಿದರು. ಒಬ್ಬ ಮೂಸಿ ನೋಡಿ, "ಟೀ ವಾಸನಿ ಬರತೈತ್ರಿ," ಎಂದ. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಆಕಾಶದ ಕಡೆ ನೋಡಿದರು.

ಕ್ವಾರಿ ಮುಚ್ಚುತ್ತದೆ, ನನ್ನ ಟೀ ಪುಡಿ ಉಳಿಯುತ್ತದೆ ಎಂದುಕೊಂಡಿದ್ದೆ. ಮಾವನವರು ಬೋರ್ಡಿಗೆ ಬೇರೆ ಬಣ್ಣ ಹೊಡೆಸಿದರು: "ಓಬಳೇಶಪ್ಪ ಬಿತ್ತಿದ ಶಾರ್ಕ್ ಹಲ್ಲು. ಎತ್ತಿನ ಕೂರಿಗಿಯಿಂದ ಬಿತ್ತಿದ್ದು." ಸುಳ್ಳು ಬೋರ್ಡಿಗೆ ಬಂದದ್ದಕ್ಕಿಂತ ಹೆಚ್ಚು ಜನ ಇದಕ್ಕೆ ಬರುತ್ತಾರೆ. ಹಂಪಸಾಗರದಿಂದಲೂ ಒಂದು ಸ್ಕೂಲಿನವರು ಬಂದು ಹೋದರು. ಮಕ್ಕಳು ಹಲ್ಲು ಕೀಳುತ್ತಾರೆ, ಅವರನ್ನು ಕರೆತಂದ ಅಜ್ಜಂದಿರು ದಂಡೆ ಮೇಲೆ ನಿಂತು ಸಾಲು ನೋಡುತ್ತಾರೆ. ಧೂಳೇಶಪ್ಪ ಎಂಬ ಹೆಸರು ಸಂತೆಯಲ್ಲಿ ಈಗ ಕೇಳಿಬರುವುದಿಲ್ಲ. ಹಲ್ಲಪ್ಪ ಎನ್ನುತ್ತಾರೆ. ಊರು ಒಂದು ಹೆಸರು ಕಿತ್ತುಕೊಂಡರೆ ಬರಿಗೈಯಲ್ಲಿ ಕಳಿಸುವುದಿಲ್ಲ.

ಕೀರ್ತನಾಳ ಹಲ್ಲು ಮೊನ್ನೆ ರೊಟ್ಟಿಯಲ್ಲಿ ಬಿತ್ತು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆಯುವುದು ಪದ್ಧತಿ. ನಾನು ಸಗಣಿ ಉಂಡೆ ಮಾಡಿಟ್ಟುಕೊಂಡು ಕರೆದರೆ ಅವಳು ಕೈ ಬಿಚ್ಚಲಿಲ್ಲ.

"ಮಾಳಿಗಿ ಮ್ಯಾಲ ಬ್ಯಾಡ. ಅಜ್ಜ ಬಿತ್ತಲಿ."

"ಹಲ್ಲು ಬಿತ್ತಿದ್ರ ಹುಟ್ಟಂಗಿಲ್ಲ ಕೀರ್ತನಾ."

"ಅಜ್ಜ ಬಿತ್ತಿದ್ರ ಸೊಟ್ಟ ಹುಟ್ಟಂಗಿಲ್ಲ."

ಮಾವನವರು ಕಟ್ಟೆ ಮೇಲಿಂದ ಎದ್ದರು. ಅಷ್ಟು ಸಣ್ಣ ಹಲ್ಲಿಗೆ ಎತ್ತು ಹೂಡಲಾಗುವುದಿಲ್ಲ. ಗುದ್ದಲಿಯ ಮೂಲೆಯಿಂದ ಗುಂಡಿಯಲ್ಲಿ ಒಂದು ಗೆರೆ ಎಳೆದರು. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಅಳಿಸಿ, ಮತ್ತೆ ಎಳೆದರು.

"ತೆಂಗಿನಕಾಯಿ ತರಲೇನಜ್ಜಾ? ಎಲ್ಲಿ ಹಾಕಬೇಕು ಅಂತ ನೋಡಾಕ?"

"ಬ್ಯಾಡ ಬೇ. ಅದಕ್ಕೇನ್ ಗೊತ್ತಾಗತೈತಿ." ಮಾವನವರು ಹಲ್ಲನ್ನು ಗೆರೆಯ ಮಧ್ಯಕ್ಕೆ ಬಿಟ್ಟು ಮಣ್ಣು ಎಳೆದರು. "ಹುಟ್ಟಾದು ನನ್ನ ಕೈಯಾಗಿಲ್ಲ. ಸಾಲು ನಂದು."

ಹೊಸ ಹಲ್ಲಿನ ತುದಿ ಈಗ ಕಾಣುತ್ತಿದೆ. ಬೆಳಿಗ್ಗೆ ಬಾಯಿ ತೊಳೆಸುವಾಗ ಬೆಳಕಿಗೆ ಹಿಡಿದು ನೋಡಿದೆ. ಸ್ವಲ್ಪ ಎಡಕ್ಕೆ ವಾಲಿದಂತಿದೆ. ಮಾವನವರಿಗೆ ಹೇಳಿಲ್ಲ.